ಅಣುಗಳೂ ಸ್ವಲ್ಪ ಅಡ್ಜಸ್ಟ್ ಮಾಡಿಕೊಳ್ಳುತ್ತವೆ

ಸಂಶಯಪಡುವುದನ್ನು ವಿಶ್ವವಿದ್ಯಾಲಯ ಕಲಿಸುತ್ತದೆ. ಎಲ್ಲಿ ನಿಲ್ಲಿಸಬೇಕೆಂದು ಮಾತ್ರ ಕಲಿಸುವುದಿಲ್ಲ. ನಾನು ಮೊದಲು ಪುಸ್ತಕಗಳನ್ನು ಸಂಶಯಿಸಿದೆ, ಆಮೇಲೆ ಪ್ರಾಧ್ಯಾಪಕರನ್ನು. ಈಗ ಬೇರೆ ಯಾರೂ ಸಿಗದೆ ನನ್ನ ನೆನಪನ್ನೇ ಹಿಡಿದುಕೊಂಡಿದ್ದೇನೆ. ಬಾಗಿಲು ಹಾಕಿದೆನೇ ಎಂದು ಸ್ಟೇಷನ್ನಿನಿಂದ ವಾಪಸು ಬಂದು, ಹಾಕಿದ್ದನ್ನು ಕಂಡು, ರೈಲು ಹತ್ತಿದ ಮೇಲೆ, ಕಂಡದ್ದು ಇವತ್ತೋ ನಿನ್ನೆಯೋ ಎಂದು ಯೋಚಿಸುವವನು ನಾನು.

ಹೊಟ್ಟೆಪಾಡಿಗೆ ಮಾಡುವುದು ಅಣುಗಳನ್ನು ಸಾಲಾಗಿ ಕೂರಿಸುವ ಕೆಲಸ. ಗಾಳಿ ತೆಗೆದ ಪೆಟ್ಟಿಗೆಯೊಳಗೆ, ನುಣುಪಾದ ತಾಮ್ರದ ಮೇಲೆ ಸಾವಯವ ಅಣುಗಳನ್ನು ಉದುರಿಸುತ್ತೇವೆ. ತಾಮ್ರ ತೀರಾ ತಣ್ಣಗಿದ್ದರೆ ಅವು ಬಿದ್ದಲ್ಲೇ ಕೂರುತ್ತವೆ. ಪಕ್ಕದವರ ಗೊಡವೆ ಇಲ್ಲ. ಕೊಂಚ ಕಾಯಿಸಿದರೆ ಜರುಗಿ, ಮಗ್ಗುಲು ತಿರುಗಿ, ಒಂದಕ್ಕೊಂದು ಜಾಗ ಬಿಟ್ಟು, ನೇಯ್ದ ಚಾಪೆಯ ಹಾಗೆ ಸಾಲುಗಟ್ಟುತ್ತವೆ. ಇದಕ್ಕೆ ಇಂಗ್ಲಿಷಿನಲ್ಲಿ ಗಂಭೀರವಾದ ಹೆಸರುಗಳಿವೆ. ಬೆಂಗಳೂರಿನ ಬಸ್ಸಿನಲ್ಲಿ ಇಬ್ಬರ ಸೀಟಿಗೆ ಮೂರನೆಯವನಾಗಿ ಕೂತು ಬೆಳೆದ ನನಗೆ ‘ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ’ ಎಂಬುದಕ್ಕಿಂತ ನಿಖರವಾದ ಮಾತು ಸಿಕ್ಕಿಲ್ಲ.

ಇಷ್ಟು ತಿಳಿದವನೆಂದೇ ಈ ಪರದೇಶದ ಚಳಿಯೂರು ಇಲ್ಫರ್ಡಿನ ಹಾಲ್‌ನಲ್ಲಿ ನಮ್ಮ ಕನ್ನಡಿಗರ ಯುಗಾದಿ ಊಟಕ್ಕೆ ಹೀಟಿಂಗ್ ಹಾಕುವ ಕೆಲಸ ನನ್ನ ಪಾಲಿಗೆ ಬಂತು. ಊಟವಾದ ಮೇಲೆ ನನ್ನ ಹೆಂಡತಿ ವಸುಧಾಳ ಹಾಡು. ಹೋದ ವರ್ಷ ಜನ ಕೋಟು ಹಾಕಿಕೊಂಡು ಬಾಗಿಲ ಬಳಿಯೇ ಕೂತು, ಎರಡನೇ ಚರಣಕ್ಕೆ ಎದ್ದು ಹೋಗಿದ್ದರು. ಈ ಸಲವೂ ಹಾಗಾದರೆ ಇನ್ನು ಹಾಡುವುದೇ ಇಲ್ಲ ಎಂದಿದ್ದಳು.

ಊಟ ಮುಗಿದು ನೋಡಿದರೆ ಜನ ಕೋಟು ಬಿಚ್ಚದೆ ಚೆಲ್ಲಾಪಿಲ್ಲಿಯಾಗಿ ಕೂತಿದ್ದಾರೆ. ಮುಂದಿನ ಸಾಲುಗಳು ಖಾಲಿ.

“ರೀ, ಹೀಟಿಂಗ್ ಹಾಕಿದ್ರಾ?”

“ಹಾಕಿದ ನೆನಪು.”

“ನಿಮ್ಮ ನೆನಪು ಯಾರಿಗೆ ಬೇಕು? ಹೋಗಿ ಮುಟ್ಟಿ ನೋಡಿ.”

ಮುಟ್ಟಿದೆ. ಕಂಬದ ಹಿಂದೆ, ಹಾಲ್ ಕಾಯಿಸಲೆಂದು ಗೋಡೆಗೆ ಕೂರಿಸಿದ್ದ ರೇಡಿಯೇಟರ್ ಕಲ್ಲಿನ ಹಾಗೆ ತಣ್ಣಗಿತ್ತು. ಗುಂಡಿಯನ್ನು ಕೊನೆಯವರೆಗೂ ತಿರುಗಿಸಿದೆ. ಕೆಲಹೊತ್ತಿಗೆ ಕೋಟುಗಳು ಕಳಚಿದವು, ಕುರ್ಚಿಗಳು ಕಿರುಗುಟ್ಟಿದವು, ಧಾರವಾಡದವರು ಸರಿದು ಮಂಗಳೂರಿನವರಿಗೆ ಜಾಗ ಕೊಟ್ಟರು. ವಸುಧಾ ಕಣ್ಣು ಮುಚ್ಚಿ ಹಾಡು ಎತ್ತಿಕೊಳ್ಳುವಾಗ ಮುಂದಿನ ಸಾಲುಗಳು ಭರ್ತಿ. ಹೆಮ್ಮೆ ತಡೆಯಲಾಗದೆ, ಪಕ್ಕದಲ್ಲಿದ್ದ ಉಡುಪಿ ಕಡೆಯ ಲ್ಯಾನ್ಸಿಯವರ ಕಿವಿಯಲ್ಲಿ ನನ್ನ ಅಣುಗಳ ಕಥೆಯನ್ನೆಲ್ಲ ಹೇಳಿದೆ.

“ಮತ್ತೂ ಬಿಸಿಯಾದ್ರೆ ಎಂತ ಮಾಡ್ತವೆ ಮಾರಾಯ್ರೆ?”

“ಲೋಹ ಬಿಟ್ಟು ಎದ್ದು ಹೋಗ್ತವೆ.”

“ಹೋಗ್ತಾ ಉಂಟು, ನೋಡಿ.”

ಪೇಪರ್ ತಟ್ಟೆಯಿಂದ ಗಾಳಿ ಬೀಸಿಕೊಳ್ಳುತ್ತ ಒಬ್ಬೊಬ್ಬರೇ ಕಾರ್ ಪಾರ್ಕಿನ ಕಡೆ ಹೊರಟಿದ್ದರು. ಗುಂಡಿ ಇಳಿಸುವುದನ್ನು ಮರೆತಿದ್ದೆ. ಇಳಿಸಲು ಓಡಿದೆ. ಮುಂದಿನದು ಅಷ್ಟು ಸ್ಪಷ್ಟವಿಲ್ಲ.

ಮನೆಗೆ ಹೋಗುವಾಗ ಕಾರಿನಲ್ಲಿ ವಸುಧಾ, “ಹಾಡು ಮುಗಿಸಿ ಕಣ್ಣು ಬಿಟ್ರೆ ಬರೀ ಕುರ್ಚಿಗಳು. ನೀವೆಲ್ಲಿದ್ರಿ?” ಎಂದಳು.

“ಕಂಬದ ಹಿಂದೆ, ರೇಡಿಯೇಟರ್ ಹತ್ರ. ಕೊನೇ ಚರಣ ಪೂರ್ತಿ ಕೇಳಿದೆ. ತುಂಬ ಚೆನ್ನಾಗಿತ್ತು.”

ಅವಳು ಸೆರಗು ಸರಿಮಾಡಿಕೊಂಡಳು. “ಒಬ್ಬರಾದ್ರೂ ಕೇಳಿದ್ರಲ್ಲ. ಮುಂದಿನ ವರ್ಷವೂ ಹಾಡ್ತೀನಿ ಬಿಡಿ.”

ಕೇಳಿದ್ದಂತೂ ನಿಜ. ಕೊನೆಯ ಸಾಲನ್ನು ಅವಳು ಎಳೆದ ರೀತಿ ಇನ್ನೂ ಕಿವಿಯಲ್ಲಿದೆ. ಆದರೆ ಆ ನೆನಪಿನಲ್ಲಿ ಹಾಡಿನ ಜೊತೆ ತಣ್ಣನೆಯ ಗಾಳಿ ಬೀಸುತ್ತದೆ, ಪಕ್ಕದಲ್ಲೇ ಯಾರದೋ ಕಾರು ಸ್ಟಾರ್ಟ್ ಆಗುತ್ತದೆ, ಲ್ಯಾನ್ಸಿ ಕೆಮ್ಮುತ್ತಾರೆ. ಈ ನೆನಪೊಂದನ್ನು ಮಾತ್ರ ನಾನು ಮುಟ್ಟಿ ನೋಡಲು ಹೋಗಿಲ್ಲ.