ಮೀನಿನ ತೊಟ್ಟಿಗೆ ನಾನು ಉಪ್ಪು ನೋಡಿದ್ದು

ಕಡಲಿನ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ. ನಾನು ಮಲ್ಪೆಯ ಕಡಲ ಬದಿಯಲ್ಲಿ ಹುಟ್ಟಿ ಬೆಳೆದವಳು. ಶಾಲೆಗೆ ಹೋದದ್ದು ಮೂರನೆಯ ಕ್ಲಾಸಿನವರೆಗೆ. ಕಡಲಿಗೆ ಹೋದದ್ದು ದಿನಾ. ಹಾಗಾಗಿ ಬ್ಯಾಂಕಿನಲ್ಲಿರುವ ನನ್ನ ಮಗ ರಮೇಶ, ಬಾಲಿಗಂಜಿನ ನಮ್ಮ ಫ್ಲ್ಯಾಟಿನಲ್ಲಿ ಹವಳ, ಕಡಲಮೀನು ಸಾಕುವ ಗಾಜಿನ ತೊಟ್ಟಿ ಇಡುತ್ತೇನೆ ಎಂದಾಗ ಸಲಕರಣೆ ಆರಿಸಲು ಹೊರಟವಳು ನಾನೇ.

ಗರಿಯಾಹಾಟ್ ಪೇಟೆಯ ಬಂಗಾಳಿ ಅಂಗಡಿಯವನು ಒಂದೊಂದೇ ಎದುರಿಗಿಟ್ಟ. ನೀರು ಸೋಸುವ ಫಿಲ್ಟರು. ನೊರೆಯ ಜೊತೆ ಕೊಳೆ ತೆಗೆಯುವ ಯಂತ್ರ. ನೀರಿನಲ್ಲಿ ತೇಲಿಸಿ ಉಪ್ಪು ಅಳೆಯುವ ಗಾಜಿನ ಕಡ್ಡಿ.

“ಫಿಲ್ಟರು ಇರ್ಲಿ,” ಎಂದು ಅಪ್ಪಣೆ ಕೊಟ್ಟೆ. “ನೊರೆ ತೆಗೆಯುವುದೂ ಇರ್ಲಿ, ಬೇಳೆ ಬೇಯುವಾಗ ನಾನೂ ತೆಗೀತೇನೆ. ಈ ಕಡ್ಡಿ ಎಂತಕ್ಕೆ?”

“ಮಾಶಿಮಾ, ಉಪ್ಪು ಹೆಚ್ಚುಕಮ್ಮಿಯಾದರೆ ಮೀನು ಸಾಯುತ್ತದೆ.”

“ಇಷ್ಟು ವರ್ಷ ಅಡುಗೆ ಮಾಡಿದ ನಾಲಗೆ ಉಂಟು ನನಗೆ! ಒಳಗಿಡು ಅದನ್ನು.”

ರಮೇಶ ಬಾಯಿ ತೆರೆದ. ನಾನು ನೋಡಿದೆ. ಮುಚ್ಚಿಕೊಂಡ.

ಪೊಟ್ಟಣದ ಮೇಲೆ ಬರೆದಂತೆಯೇ ಅವನು ಕಡಲುಪ್ಪು ಬೆರೆಸಿದ. ಹವಳ ಬಂತು, ಬಿಳಿ ಪಟ್ಟೆಯ ಎರಡು ಕಿತ್ತಳೆ ಬಣ್ಣದ ಮೀನುಗಳು ಬಂದವು. ಮೊಮ್ಮಗಳು ಶಾಲಿನಿ ಮೀನುಗಳಿಗೆ ಲಡ್ಡು, ಸಂದೇಶ್ ಎಂದು ಮಿಠಾಯಿಗಳ ಹೆಸರಿಟ್ಟು, ತೊಟ್ಟಿಯ ಎದುರೇ ಊಟ ಮಾಡತೊಡಗಿದಳು.

ಬೆಳಿಗ್ಗೆ ನಾನು ಬೆರಳದ್ದಿ ನೆಕ್ಕಿದೆ. ಸಪ್ಪೆ! ಒಂದು ಹಿಡಿ ಉಪ್ಪು ಸೇರಿಸಿದೆ. ಮರುದಿನವೂ ಸಪ್ಪೆ. ಇನ್ನೊಂದು ಹಿಡಿ. ಹೀಗೆ ದಿನಾ ನಡೆಯಿತು. ಹವಳ ಮುದುಡಿತು, ಮೀನುಗಳು ಕಲ್ಲಿನ ಸಂದಿ ಸೇರಿದವು.

“ಫಿಲ್ಟರಿಗೆ ಶಕ್ತಿ ಸಾಲದು,” ಎಂದು ತೀರ್ಪು ಕೊಟ್ಟೆ. ಮಗ ದೊಡ್ಡದು ತಂದ. ಸ್ವಿಚ್ ಹಾಕಿದ್ದೇ ತಡ, ಲಡ್ಡು ಮತ್ತು ಸಂದೇಶ್ ವಾಷಿಂಗ್ ಮೆಷಿನ್ನಿನ ಕಾಲುಚೀಲಗಳಂತೆ ಗಿರಗಿರ ಸುತ್ತತೊಡಗಿದವು!

“ವ್ಯಾಯಾಮ ಆಗ್ಲಿ,” ಎಂದೆ.

ಮರುದಿನ ಪಾರ್ಟಿಯವರ ಬಂದ್. ಬಸ್ಸಿಲ್ಲ, ಅಂಗಡಿಯಿಲ್ಲ, ನಡುರಸ್ತೆಯಲ್ಲಿ ಕ್ರಿಕೆಟ್. ಸಂದೇಶ್ ಅಡ್ಡ ಬೀಳಲು ಆರಿಸಿಕೊಂಡದ್ದು ಅದೇ ದಿನವನ್ನು.

“ಅಜ್ಜಿ, ಸಂದೇಶ್ ಮರ್ ಜಾಯೇಗಾ!” ಶಾಲಿನಿ ಗೊಳೋ ಎಂದಳು.

ರಮೇಶ ಅಂಗಡಿಯವನ ಮನೆಗೆ ಫೋನು ಮಾಡಿದ. “ಉಪ್ಪು ನೋಡಿ ಅಂತಾನೆ, ಅಮ್ಮ.”

ನಾನು ಗಂಭೀರವಾಗಿ ಬೆರಳದ್ದಿದೆ. “ಈಗ ಹದವಾಗಿ ಉಂಟು.”

ನನ್ನ ಸೊಸೆ ಸುಮತಿಯದು ಮಾತು ಕಡಿಮೆ. ಅವಳೂ ಒಂದು ಬೆರಳದ್ದಿದಳು. ಮುಖ ಕಿವುಚಿದಳು.

“ಥೂ! ಅತ್ತೆ, ಇದು ನಿಮ್ಮ ಸಾರಿಗಿಂತಲೂ...”

ಅಲ್ಲಿಗೆ ನಿಂತಳು.

“ನನ್ನ ಸಾರಿಗೆ ಎಂತ ಆಗಿದೆ?”

ಮಗ ಫ್ಯಾನು ನೋಡಿದ. ಬಾಯಿಗೆ ಬೀಗವಿಲ್ಲದ ಶಾಲಿನಿ ಅಳುತ್ತಲೇ ಹೇಳಿದಳು: “ನೀವು ಕಿಚನ್‌ನಿಂದ ಹೋದ ಮೇಲೆ ಅಮ್ಮ ರೋಜ್ ಅದಕ್ಕೆ ಬಿಸಿನೀರು ಹಾಕ್ತಾಳೆ ಅಜ್ಜಿ! ನಾನು ಚಿಕ್ಕವಳಿದ್ದಾಗಿಂದ!”

ಸಿಟ್ಟಾಗಲು ಪುರುಸೊತ್ತಿರಲಿಲ್ಲ. ಸುಮತಿ ದೊಡ್ಡ ಫಿಲ್ಟರು ನಿಲ್ಲಿಸಿ ಹಳೆಯದನ್ನು ಹಾಕಿಸಿದಳು. ಚೆಂಬಿನಲ್ಲಿ ಉಪ್ಪುನೀರು ತೆಗೆದು, ಮಗ ತೊಟ್ಟಿಗೆಂದೇ ಹಿಡಿದಿಟ್ಟಿದ್ದ ಸಿಹಿನೀರನ್ನು ಬಿಟ್ಟು ಬಿಟ್ಟು ಸುರಿದಳು. ಎಂಥ ಪಳಗಿದ ಕೈ! ಒಂದು ಹನಿ ಹೊರಗೆ ಚೆಲ್ಲಲಿಲ್ಲ. ಸಂಜೆಗೆ ಸಂದೇಶ್ ನೆಟ್ಟಗಾಯಿತು. ನನ್ನನ್ನು ನೋಡಿತು. ಬೆನ್ನು ತಿರುಗಿಸಿತು.

ಬಂದ್ ಮುಗಿದದ್ದೇ ಗಾಜಿನ ಕಡ್ಡಿ ಮನೆಗೆ ಬಂತು. ಸಾರಿನ ಉಪ್ಪನ್ನು ಈಗ ಸೊಸೆಯ ಕೈಯಲ್ಲೇ ನೋಡಿಸುತ್ತೇನೆ. “ಸರಿ ಉಂಟು ಅತ್ತೆ,” ಎನ್ನುತ್ತಾಳೆ. ಮೀನಿಗಿಲ್ಲದ ದಾಕ್ಷಿಣ್ಯ ಅವಳಿಗಿದೆ. ಪಕ್ಕದ ಒಲೆಯ ಮೇಲಿನ ಬಿಸಿನೀರಿನ ಪಾತ್ರೆ ಮಾತ್ರ ಇನ್ನೂ ಕೆಳಗಿಳಿದಿಲ್ಲ!