ಎಡಹುಬ್ಬಿನ ಅನುಮಾನ: ಹದಿನೆಂಟು ಮೊನೆಯ ಅಲಗಿಗೊಂದು ಬಿನ್ನಹ

ಹುಬ್ಬು ಕೊರೆಯುವ ಬಾಗು ಅಲಗಿನವರ ಸನ್ನಿಧಿಗೆ,
ಹುಬ್ಬಿನ ಅರಮನೆ, ಬೋಡಿಜಾ ಮಾರುಕಟ್ಟೆಯ ಹಿಂಭಾಗ, ಇಬಾದಾನ್.

ಮಾನ್ಯರೇ,

ಕೆಲಸದಲ್ಲಿ ಇರುವವರಿಗೆ ಒಂದು ನಮಸ್ಕಾರ, ಬಿಸಿಲಲ್ಲಿ ನಡೆದು ಬಂದವರಿಗೆ ಒಂದು, ಕೂತು ಕೂತು ಬೇಸತ್ತವರಿಗೆ ಒಂದು, ಹೊಸ ಬಟ್ಟೆ ಉಟ್ಟವರಿಗೆ ಇನ್ನೊಂದು ಎಂದು ನಮ್ಮ ಯೊರುಬಾ ಹಿರಿಯರು ಸಂದರ್ಭಕ್ಕೊಂದು ನಮಸ್ಕಾರ ಮಾಡಿಟ್ಟು ಹೋಗಿದ್ದಾರೆ. ಆದರೆ ಒಬ್ಬ ಹೆಂಗಸಿನ ಎಡಹುಬ್ಬನ್ನು ಬಲಹುಬ್ಬಿಗಿಂತ ಅರ್ಧ ಬೆರಳು ಮೇಲೆ ಶಾಶ್ವತವಾಗಿ ಪ್ರತಿಷ್ಠಾಪಿಸಿದವರಿಗೆ ಯಾವ ನಮಸ್ಕಾರ ಸಲ್ಲಬೇಕೆಂದು ಅವರು ಹೇಳಿಲ್ಲ. ಆದ್ದರಿಂದ ಎಲ್ಲ ನಮಸ್ಕಾರಗಳನ್ನೂ ಒಟ್ಟಿಗೇ ಅರ್ಪಿಸುತ್ತಿದ್ದೇನೆ. ತಮಗೆ ಹೊಂದುವುದನ್ನು ಆರಿಸಿಕೊಂಡು ಮಿಕ್ಕಿದ್ದನ್ನು ಹಿಂದಿರುಗಿಸುವ ಕೃಪೆ ಮಾಡಬೇಕು.

ನಾನು ಒಕೆ-ಅಡೋ ನಿವಾಸಿ, ಬಾಲಕಿಯರ ಶಾಲೆಯಲ್ಲಿ ಭೂಗೋಳ ಕಲಿಸಿ ನಿವೃತ್ತಳಾದವಳು. ಬಹಿರಂಗ ಪತ್ರ ಬರೆಯುವುದು ನನಗೆ ಹೊಸದಲ್ಲ. ನಲ್ಲಿಯ ನೀರಿನ ಬಗ್ಗೆ ಬರೆದಿದ್ದೇನೆ, ಕರೆಂಟಿನ ಬಗ್ಗೆ ಬರೆದಿದ್ದೇನೆ, ಒಮ್ಮೆ ನೆರೆಮನೆಯ ಹುಂಜಕ್ಕೂ ಬರೆದಿದ್ದೇನೆ. ಉತ್ತರ ಕೊಟ್ಟದ್ದು ಹುಂಜ ಮಾತ್ರ, ಅದೂ ಪ್ರತಿದಿನ ಬೆಳಗಿನ ಜಾವಕ್ಕೆ. ತಾವು ಹುಂಜಕ್ಕಿಂತ ಹೆಚ್ಚು ಕಲಿತವರು, ಹೊಳೆಯುವ ಉಕ್ಕಿನ ಮನೆತನದವರು ಎಂಬ ಭರವಸೆಯಿಂದ ಇದನ್ನು ಬರೆಯುತ್ತಿದ್ದೇನೆ.

ನನ್ನ ಹರೆಯದಲ್ಲಿ ಹುಬ್ಬು ಪೂರ್ತಿ ಬೋಳಿಸಿ ಅದರ ಜಾಗದಲ್ಲಿ ಪೆನ್ಸಿಲಿನಿಂದ ಒಂದು ಗೆರೆ ಎಳೆಯುವುದು ಫ್ಯಾಷನ್ನಾಗಿತ್ತು. ಫ್ಯಾಷನ್ ಹೋಯಿತು, ಕೂದಲು ವಾಪಸು ಬರಲಿಲ್ಲ. ಅಂದಿನಿಂದ ದಿನಾ ಬೆಳಿಗ್ಗೆ ನನ್ನ ಹುಬ್ಬನ್ನು ನಾನೇ ಬರೆದುಕೊಂಡು, ಸಂಜೆ ನಾನೇ ತೊಳೆದುಕೊಂಡು, ಯಾರಿಗೂ ತೊಂದರೆ ಕೊಡದೆ ಬದುಕಿದ್ದೆ. ಅಷ್ಟರಲ್ಲಿ, ತೀರಿಹೋದ ನನ್ನ ತಂಗಿಯ ಮಗಳು, ನಾನೇ ಸಾಕಿದ ಅರಿನೋಲಾಳಿಗೆ ಇಜೆಬು-ಒಡೆ ಊರಿನ ಸೊಮೊರಿನ್ ಮನೆಯ ಹುಡುಗ ಒಲಾಡಿಪೊ ಒಪ್ಪಿಗೆಯಾದ. ಎರಡೂ ಮನೆಯವರು ಮೊದಲ ಬಾರಿ ಎದುರುಬದುರು ಕೂರುವ ಶಾಸ್ತ್ರಕ್ಕೆ ನಮ್ಮಲ್ಲಿ ‘ನೀ ನನ್ನನ್ನರಿ, ನಾ ನಿನ್ನನ್ನರಿಯುವೆ’ ಎಂದೇ ಹೆಸರು. ಅರಿಯಬೇಕಾದರೆ ಮುಖ ಬೇಕಲ್ಲ! ಹುಡುಗಿ ನನ್ನನ್ನು ಕೂರಿಸಿಕೊಂಡು, “ದೊಡ್ಡಮ್ಮಾ, ಬೆಳಿಗ್ಗೆ ನಿಮ್ಮ ಹುಬ್ಬು ಹಣೆ ಮೇಲಿರುತ್ತೆ, ಊಟ ಮುಗಿಯೋ ಹೊತ್ತಿಗೆ ಕರ್ಚೀಫಿನ ಮೇಲಿರುತ್ತೆ. ಫೋಟೋ ತೆಗೆಯೋನು ಯಾವುದನ್ನ ತೆಗೀಬೇಕು ಹೇಳಿ?” ಎಂದಳು. ಹೀಗೆ ನಾನು, ಚರ್ಮ ಕೊರೆದು ಬಣ್ಣ ತುಂಬಿ ಅಳಿಯದ ಹುಬ್ಬು ಮಾಡಿಕೊಡುವ ತಮ್ಮ ಬಾಗಿಲಿಗೆ ಬಂದೆ.

ಹುಬ್ಬಿನ ಅರಮನೆಯ ಒಡತಿ ಟೆನಿಯೋಲಾ ಒಳ್ಳೆಯ ಹುಡುಗಿ. ನನ್ನನ್ನು ಕಂಡ ಕೂಡಲೇ ಮಂಡಿಯೂರಿ, ಹಿರಿಯ ಹೆಂಗಸರನ್ನೆಲ್ಲ ಕರೆಯುವಂತೆ ‘ಮಮ್ಮಿ’ ಎಂದು ನಮಸ್ಕರಿಸಿದಳು. ಅವಳ ತಟ್ಟೆಯಲ್ಲಿ ತಮ್ಮ ನೆಂಟರಿಷ್ಟರೆಲ್ಲ ಇದ್ದರು: ಯಂತ್ರಕ್ಕೆ ಸಿಕ್ಕಿಸುವ ಒಂಟಿ ಸೂಜಿ, ಮೂರು ಸೂಜಿ ತಲೆ ಕೂಡಿಸಿ ಗುಟ್ಟು ಮಾತಾಡುವಂತಿದ್ದ ದುಂಡು ಗೊಂಚಲು, ನೆರಳು ತುಂಬಲು ಬಳಸುವ ಚಪ್ಪಟೆ ಸಾಲು. ಮಧ್ಯದಲ್ಲಿ ತಾವು, ಹದಿನೆಂಟು ಮೊನೆಗಳ ಬಾಗಿದ ಸಾಲು, ಸಿಂಹಾಸನದ ಮೇಲೆ ಕೂತಂತೆ. “ಮೆಷಿನ್ ಸೂಜಿ ಅಂದ್ರೆ ಬರೀ ಚುಕ್ಕೆ ಚುಕ್ಕೆ ಮಮ್ಮಿ, ಪೌಡರ್ ಬಳಿದ ಹಾಗಿರುತ್ತೆ. ಈ ಅಲಗು ನೋಡಿ, ಒಂದೊಂದು ಕೂದಲೂ ಬೇರೆ ಬೇರೆ ಎದ್ದು ನಿಲ್ಲುತ್ತೆ” ಎಂದಳು ಟೆನಿ. ತಮ್ಮನ್ನು ಹಿಡಿಯುವುದನ್ನು ಆಗಷ್ಟೇ ಕಲಿತು ಬಂದಿದ್ದ ಆಕೆಗೆ ಬೇರೆ ಸೂಜಿ ಕಣ್ಣಿಗೇ ಬೀಳುತ್ತಿರಲಿಲ್ಲ. ಗೋಡೆಯ ಮೇಲೆ ತಮ್ಮ ಕಂಪನಿಯವರು ಕಳಿಸಿದ ಚರ್ಮದ ಬಣ್ಣಗಳ ಪಟವೊಂದಿತ್ತು. ಹಾಲಿನ ಬಣ್ಣದಿಂದ ಹೊರಟು ಹಾಲು ಹೆಚ್ಚಾದ ಚಹಾದ ಬಣ್ಣಕ್ಕೆ ಬಂದು ಅದು ಮುಗಿದುಹೋಗಿತ್ತು. ಜಗತ್ತು ಅಲ್ಲಿಗೇ ಮುಗಿಯುವ ನಕ್ಷೆಗಳನ್ನು ನಾನು ಭೂಗೋಳದ ಹಳೆಯ ಪುಸ್ತಕಗಳಲ್ಲಿ ಬೇಕಾದಷ್ಟು ಕಂಡಿದ್ದೇನೆ. ಆದರೂ ಅವಳ ಕುರ್ಚಿಯಲ್ಲಿ ಒರಗಿ ಮಲಗಿದೆ.

ಇನ್ನು ಅಳತೆಯ ವಿಷಯ. ನನ್ನ ಎರಡೂ ಕೆನ್ನೆಯ ಮೇಲೆ ನಮ್ಮ ಮನೆತನದ ಗೀಟುಗಳಿವೆ. ನಾನು ಹಸುಗೂಸಾಗಿದ್ದಾಗ ಒಲೋಲಾ ಬಂದು, ಎಂದರೆ ಗೀಟು ಹಾಕುವ ಕಸುಬಿನವನು ಬಂದು, ಚೂರಿಯಿಂದ ಕೊರೆದು ಬಸವನಹುಳದ ನೀರು ಹಚ್ಚಿ ಹೋದದ್ದು. ಟೆನಿ ಮಸಿ ಮೆತ್ತಿದ ದಾರ ಹಿಡಿದು ನನ್ನ ಮುಖವನ್ನು ಅಡ್ಡಡ್ಡ ಉದ್ದುದ್ದ ಅಳೆದು, “ಬೇರೆಯವರ ಮುಖದಲ್ಲಿ ಅಳತೆಗೆ ಗುರುತೇ ಸಿಗಲ್ಲ ಮಮ್ಮಿ. ನಿಮಗೆ ನೋಡಿ, ದೇವರೇ ಸ್ಕೇಲ್ ಇಟ್ಟು ಕಳಿಸಿದಾನೆ” ಎಂದು ಸಂತೋಷಪಟ್ಟು, ಆ ಗೀಟುಗಳಿಂದಲೇ ಮೇಲಕ್ಕೆ ಲೆಕ್ಕ ಹಾಕಿದಳು.

ಆಮೇಲೆ ತಾವು ಇಳಿದಿರಿ. ಚರ್ಮವನ್ನು ಮೂರು ಕಡೆಯಿಂದ ಎಳೆದು ಮದ್ದಳೆಯಂತೆ ಬಿಗಿ ಮಾಡಿಕೊಳ್ಳಬೇಕಂತೆ. ನನ್ನ ವಯಸ್ಸಿನ ಚರ್ಮ ಎರಡು ಕಡೆ ಒಪ್ಪಿದರೆ ಮೂರನೆಯ ಕಡೆ ಜಾರುತ್ತದೆ. ಅಲಗು ಮೇಲ್ಪದರ ದಾಟಿದ ಕೂಡಲೇ ನಿಲ್ಲಬೇಕಂತೆ. ತಾವು ನಿಲ್ಲುವ ಜಾತಿಯಲ್ಲ. ತಾಳೆ ಎಣ್ಣೆ ತಿಂದು ಬೆಳೆದ, ದಪ್ಪಗಿನ, ಮಧ್ಯಾಹ್ನಕ್ಕೆ ತಾನೇ ಜಿನುಗುವ ನನ್ನ ಹಣೆಯನ್ನು ತಾವು ಒಣಹವೆಯ ನಾಡಿನ ತೆಳು ಹಣೆಯೆಂದೇ ಭಾವಿಸಿ ಉತ್ತುಬಿಟ್ಟಿರಿ. ಮೊದಲ ವಾರ ಪ್ರತಿ ಕೂದಲೂ ಪ್ರತ್ಯೇಕವಾಗಿತ್ತು, ಒಪ್ಪುತ್ತೇನೆ. ಗಾಯ ಮಾಯುತ್ತಿದ್ದಂತೆ ಒಂದೊಂದು ಗೆರೆಯೂ ಪಕ್ಕದ ಗೆರೆಯೊಂದಿಗೆ ಸೇರಿಕೊಂಡು, ಕವಲುಹೊಳೆಗಳೆಲ್ಲ ಹೆಣೆದುಕೊಂಡ ನೈಜರ್ ನದಿಯ ಮುಖಜಭೂಮಿ ನನ್ನ ಹಣೆಯ ಮೇಲೆ ನಿರ್ಮಾಣವಾಯಿತು. ಆಳಕ್ಕಿಳಿದ ಬಣ್ಣ, ಮರುಭೂಮಿಯ ಧೂಳು ಹೊತ್ತು ಬರುವ ಹರ್ಮಾಟನ್ ಗಾಳಿಯ ದಿನದ ಆಕಾಶದಂತೆ ಬೂದು ನೀಲಿಗೆ ತಿರುಗಿತು. ಇಷ್ಟು ವರ್ಷ ಕಪ್ಪು ಹಲಗೆಯ ಮೇಲೆ ಸೀಮೆಸುಣ್ಣದಿಂದ ನಾನು ಕಲಿಸಲಾಗದ ಪಾಠವನ್ನು ತಾವು ಒಂದೇ ಮಧ್ಯಾಹ್ನದಲ್ಲಿ ಕಲಿಸಿದಿರಿ.

ತಮ್ಮ ಕೃತಿಯ ಮಹಿಮೆಯನ್ನು ಮರೆಮಾಚಿದರೆ ನಾನು ಕೃತಘ್ನಳಾಗುತ್ತೇನೆ. ಎಡಹುಬ್ಬು ಮೇಲೆ, ಬಲಹುಬ್ಬು ಕೆಳಗೆ ಎಂದರೆ ‘ಹೌದಾ? ನಂಬಲೇ ಇದನ್ನ?’ ಎಂದು ಮುಖವೇ ಕೇಳಿದಂತೆ. ಬಾಯಿ ತೆರೆಯದೆ ಇಡೀ ಊರನ್ನು ಪಾಟೀಸವಾಲಿಗೆ ನಿಲ್ಲಿಸುವ ಶಕ್ತಿ ನನಗೆ ಬಂತು. ಟೊಮೇಟೊ ಮಾರುವವಳ ಮುಂದೆ ಸುಮ್ಮನೆ ನಿಂತಿದ್ದೆ. “ಅಮ್ಮಾ, ಹಾಗೆ ನೋಡ್ಬೇಡಿ, ಬುಟ್ಟಿ ಅಡಿಯಲ್ಲಿ ಕೊಳೆತಿರೋದು ಎರಡೇ ಎರಡು” ಎಂದು ಅವಳಾಗಿಯೇ ಒಪ್ಪಿಕೊಂಡಳು. ನಮ್ಮ ಚರ್ಚಿನ ಪಾದ್ರಿಗಳು ಪ್ರವಚನದ ಮಧ್ಯೆ ನನ್ನನ್ನು ನೋಡಿ, ತಡವರಿಸಿ, ಹೇಳಿದ ಮಾತನ್ನು ಹಿಂತೆಗೆದುಕೊಂಡರು. ಅಂದಿನಿಂದ ನನಗೆ ಕಂಬದ ಹಿಂದೆ ಜಾಗ ಕೊಟ್ಟಿದ್ದಾರೆ.

ಇಲ್ಲಿಯವರೆಗೆ ನಾನು ಸಹಿಸಿದೆ. ಆದರೆ ಶಾಸ್ತ್ರದ ದಿನ ತಾವು ನಮ್ಮ ಹುಡುಗಿಯ ಬದುಕಿಗೇ ಕೈ ಹಾಕಿದಿರಿ. ಆ ಬೆಳಿಗ್ಗೆ ನಾನು ಗೆಲೆ ಸುತ್ತಿದ್ದೆ. ಗಟ್ಟಿ ಬಟ್ಟೆಯ ತಲೆಗಟ್ಟನ್ನು ಬಿಗಿಯಾಗಿ ಎಳೆದು ಕಟ್ಟಿದರೆ ಹಣೆಯೂ ಮೇಲೇರುತ್ತದೆ, ಹಣೆಯೊಂದಿಗೆ ಅನುಮಾನವೂ. ಹುಡುಗನ ತಂದೆ ಸೊಮೊರಿನ್ ಅವರು ಎದ್ದು ನಿಂತು, “ನಮ್ಮ ಹುಡುಗ ಇಂಜಿನಿಯರು” ಎಂದು ಆರಂಭಿಸಿ ನನ್ನ ಕಡೆ ನೋಡಿದರು. ನಾನು ಪ್ರೀತಿಯಿಂದಲೇ ನೋಡುತ್ತಿದ್ದೆ. ಅವರು ಗಂಟಲು ಸರಿ ಮಾಡಿಕೊಂಡು, “ಅಂದ್ರೆ, ಒಂದು ವಿಷಯ ಬಾಕಿ ಇದೆ, ಈ ಸಲ ಪಾಸಾಗ್ತಾನೆ” ಎಂದರು. “ಊರಲ್ಲಿ ನಮಗೆ ಎರಡು ಮನೆ” ಎಂದರು, ಮತ್ತೆ ನೋಡಿದರು. “ಒಂದಕ್ಕೆ ಇನ್ನೂ ಛಾವಣಿ ಹಾಕಿಲ್ಲ ಅನ್ನಿ.” ನಾನು ನಗಲು ಯತ್ನಿಸಿದೆ, ಬಾಯಿ ಮಾತ್ರ ನಕ್ಕು ಹುಬ್ಬು ನಗದಿದ್ದರೆ ಅದು ಹೇಗೆ ಕಾಣುತ್ತದೆಂದು ತಮಗೆ ಹೇಳಬೇಕಿಲ್ಲ. ಅವರ ಪತ್ನಿ ಗಂಡನ ತೋಳು ಹಿಡಿದು ಕೂರಿಸಿ, “ಸಾಕು ಕೂತ್ಕೊಳ್ರಿ! ಇನ್ನೊಂದು ಗಳಿಗೆ ನಿಂತ್ರೆ ನಮ್ಮ ಮದುವೆಗೆ ಮುಂಚಿನದ್ದನ್ನೂ ಬಾಯಿಬಿಡಿಸ್ತಾಳೆ ಆಯಮ್ಮ” ಎಂದರು. ಎಲೆಯಲ್ಲಿ ಕಟ್ಟಿ ಬೇಯಿಸಿದ ಅಲಸಂದೆ ಕಡುಬು, ನಮ್ಮ ಮೊಯಿನ್-ಮೊಯಿನ್, ಎಲೆ ಬಿಚ್ಚದೆ ಹಾಗೇ ಉಳಿಯಿತು. ಮರುದಿನ ಹೇಳಿಕಳಿಸಿದರು: “ಹುಡುಗಿಯ ದೊಡ್ಡಮ್ಮನಿಗೆ ನಮ್ಮ ಮೇಲೆ ನಂಬಿಕೆ ಇಲ್ಲ. ಅವರ ಮುಖ ತಿಳಿಯಾಗೋವರೆಗೂ ದಿನ ಗೊತ್ತು ಮಾಡೋ ಮಾತೇ ಇಲ್ಲ.”

ಮುಖ ತಿಳಿಯಾಗುವುದು! ತಾವು ಕೂತ ಮುಖ! ಅರಿನೋಲಾ ಕೋಣೆಯ ಬಾಗಿಲು ಹಾಕಿಕೊಂಡು ಒಳಗಿನಿಂದಲೇ, “ಮೊದಲು ಬೆಳಿಗ್ಗೆಗೊಂದು ಹುಬ್ಬು ಇತ್ತು ದೊಡ್ಡಮ್ಮಾ, ತೊಳೆದ್ರೆ ಹೋಗ್ತಿತ್ತು. ಇದನ್ನ ಯಾವ ಸೋಪಿನಲ್ಲಿ ತೊಳೀಲಿ?” ಎಂದು ಅತ್ತಳು. ಈ ಹುಡುಗಿ ತಾಯಿ ಹೋದ ದಿನವೂ ನನ್ನೆದುರು ಅತ್ತಿರಲಿಲ್ಲ, ನನಗೆ ದುಃಖವಾಗುತ್ತದೆಂದು. ಮಾನ್ಯರೇ, ಆ ಬಾಗಿಲ ಮುಂದೆ ನಾನು ನಿಂತಿದ್ದಾಗ ನನ್ನ ಮುಖ ಅವಳ ಅಳುವನ್ನೂ ನಂಬದಂತೆ ಕಾಣುತ್ತಿತ್ತು. ಅವಳು ಬಾಗಿಲು ತೆರೆಯದಿದ್ದದ್ದೇ ಒಳ್ಳೆಯದಾಯಿತು.

ಗಾಯ ಪೂರ್ತಿ ವಾಸಿಯಾದದ್ದನ್ನು ಖಾತ್ರಿ ಮಾಡಿಕೊಂಡು ಟೆನಿಯ ಕುರ್ಚಿಗೆ ಮರಳಿದೆ. ಅವಳು ಮತ್ತೆ ದಾರ ಹಿಡಿದಳು, ಈ ಬಾರಿ ಕಣ್ಣಿನ ಒಳಮೂಲೆಗಳಿಂದ. ಒಮ್ಮೆ ಅಳೆದಳು, ಮತ್ತೊಮ್ಮೆ ಅಳೆದಳು, ಆಮೇಲೆ ನೆಲದ ಮೇಲೆ ಕೂತು ನಕ್ಕಳು. “ಮಮ್ಮಿ, ಕ್ಷಮಿಸ್ಬೇಕು, ಓರೆ ಇರೋದು ಹುಬ್ಬಲ್ಲ, ಕೆನ್ನೆ ಗೀಟು! ಎಡಗಡೆದು ಮೇಲಿದೆ, ಬಲಗಡೆದು ಕೆಳಗಿದೆ. ನಾನು ಅದನ್ನೇ ನಂಬ್ಕೊಂಡೆ.” ಆಗ ನನಗೆ ನನ್ನ ಅಜ್ಜಿ ಹೇಳುತ್ತಿದ್ದದ್ದು ನೆನಪಾಯಿತು: ನಮ್ಮ ಒಲೋಲಾ ಎಡಗೆನ್ನೆಯನ್ನು ಕಳ್ಳು ಕುಡಿಯುವ ಮೊದಲು ಕೊರೆದನಂತೆ, ಬಲಗೆನ್ನೆಯನ್ನು ಕುಡಿದ ಮೇಲೆ. ಮಗು ಕೈಕಾಲು ಬಡಿಯಿತು ಎಂದು ಅವನ ವಾದ. ಎಪ್ಪತ್ತು ವರ್ಷ ಹಿಂದಿನ ಆ ಸೋರೆಬುರುಡೆ ಕಳ್ಳು ಹೀಗೆ ಸುತ್ತಿ ಬಳಸಿ ಅರಿನೋಲಾಳ ಮದುವೆಗೆ ಬಂದು ಅಡ್ಡ ಕೂತಿತ್ತು.

ಮೇಲೇರಿದ ಹುಬ್ಬನ್ನು ಕೆಳಗಿಳಿಸುವ ಸೂಜಿ ಜಗತ್ತಿನಲ್ಲಿ ಇಲ್ಲವಂತೆ. ಕೆಳಗಿರುವುದನ್ನು ಮೇಲೇರಿಸಬಹುದಂತೆ, ಅಷ್ಟೆ. ಈ ಬಾರಿ ತಮಗೆ ತಟ್ಟೆಯಲ್ಲಿ ಜಾಗವನ್ನೇ ಕೊಡದೆ, ಟೆನಿ ಯಂತ್ರಕ್ಕೆ ಒಂಟಿ ಸೂಜಿ ಸಿಕ್ಕಿಸಿದಳು. “ಇದು ಉಳೋದಲ್ಲ ಮಮ್ಮಿ, ಬಿತ್ತೋದು” ಎಂದು, ಸೂಜಿಯನ್ನು ಸ್ವಲ್ಪ ಓರೆ ಹಿಡಿದು, ಚರ್ಮಕ್ಕೆ ಭಾರ ಹಾಕದೆ, ಮೇಲುಮೇಲೆ ಚುಕ್ಕೆಯ ಪಕ್ಕ ಚುಕ್ಕೆ ಇಡುತ್ತ ಹೋದಳು. ಬೂದು ನೀಲಿ ಅಡಗಲೆಂದು ಅದರ ಮೇಲೆ ಇಟ್ಟಿಗೆ ಕೆಂಪು ಬೆರೆಸಿದ ಬಣ್ಣ ಕೂರಿಸಿದಳು. ರಕ್ತ ಬರಲಿಲ್ಲ, ನಾನು ನಿದ್ದೆ ಹೋದೆ. ತಮ್ಮ ಕೈಯಲ್ಲಿದ್ದಾಗ ನೋವಿಗೆ ಚರ್ಚಿನ ಕೀರ್ತನೆಗಳನ್ನೆಲ್ಲ ಹಾಡಿ ಮುಗಿಸಿದ್ದೆ.

ಈಗ ನನ್ನ ಎರಡು ಹುಬ್ಬೂ ಒಂದೇ ಎತ್ತರದಲ್ಲಿವೆ. ಬಹಳ ಎತ್ತರದಲ್ಲಿವೆ. ಇಜೆಬು-ಒಡೆಗೆ ನಾನೇ ಹೋದೆ, ಗೆಲೆ ಬಿಗಿದುಕೊಂಡು. ಸೊಮೊರಿನ್ ಅವರು ಹೆದರುತ್ತಲೇ, “ಊರಲ್ಲಿ ನಮಗೆ ಎರಡು ಮನೆ” ಎಂದರು. ನಾನು ಹುಬ್ಬೇರಿಸಿಕೊಂಡು ನೋಡಿದೆ. ಇಳಿಸುವುದು ನನ್ನ ಕೈಯಲ್ಲಿಲ್ಲ. ಅವರ ಪತ್ನಿ ತೊಡೆ ತಟ್ಟಿ, “ನೋಡ್ರೀ, ಎಷ್ಟು ಬೆರಗಾದ್ರು! ಇಂಥ ನಿರ್ಮಲ ಮನಸ್ಸಿನವರನ್ನ ಏನೇನೋ ಅಂದ್ಕೊಂಡ್ವಲ್ಲ” ಎಂದರು. ಸೊಮೊರಿನ್ ಅವರಿಗೆ ಧೈರ್ಯ ಬಂತು. ನಾನು ಎಲೆ ಬಿಚ್ಚಿ ಮೊಯಿನ್-ಮೊಯಿನ್ ತಿಂದು ಮುಗಿಸುವುದರೊಳಗೆ ಎರಡು ಮನೆ ಮೂರಾದವು, ಮೂರಕ್ಕೂ ಛಾವಣಿ ಬಂತು, ಹುಡುಗ ಮುಖ್ಯ ಇಂಜಿನಿಯರಾದ. ಪ್ರತಿಯೊಂದಕ್ಕೂ ನಾನು ಬೆರಗಾದೆ. ದಿನ ಗೊತ್ತಾಯಿತು. ಅರಿನೋಲಾ ಬಾಗಿಲು ತೆರೆದಳು, ನನ್ನ ಮುಖ ನೋಡಿದಳು, ಅತ್ತದ್ದನ್ನು ಮರೆತು ನಗತೊಡಗಿದಳು, ಇನ್ನೂ ನಿಲ್ಲಿಸಿಲ್ಲ.

ಅವಳಿಗಾಗಿ ತಮ್ಮನ್ನು ಕ್ಷಮಿಸಬಹುದಿತ್ತು. ಆದರೆ ಹುಟ್ಟಿದಾರಭ್ಯ ಯಾರ ಮಾತನ್ನೂ ಒಂದೇ ಸಲಕ್ಕೆ ನಂಬದ ನಾನು ಈಗ ಎಲ್ಲರ ಎಲ್ಲ ಮಾತನ್ನೂ ನಂಬಿದವಳಂತೆ ಕಾಣುತ್ತೇನೆ. ಚುನಾವಣೆಗೆ ನಿಂತವರು ನಮ್ಮ ಬೀದಿಗೆ ಬಂದರೆ ಜನರನ್ನೆಲ್ಲ ದಾಟಿ ನೇರ ನನ್ನ ಮುಂದೆ ನಿಂತು, ರಸ್ತೆ, ನೀರು, ಕರೆಂಟು ಎಂದು ಭರವಸೆ ಸುರಿಯುತ್ತಾರೆ. ಆದ್ದರಿಂದ ತಾವು ಮುಂದಿನ ಚುನಾವಣೆಗೆ ಮೊದಲು ಖುದ್ದಾಗಿ ಬಂದು, ಮದುವೆಯ ದಿನಕ್ಕೆ ಎರಡೂ ಹುಬ್ಬು ಮೇಲೆ, ರಾಜಕಾರಣಿಗಳಿಗೆ ಎಡದ್ದು ಮಾತ್ರ ಮೇಲೆ, ಮಿಕ್ಕ ವೇಳೆ ಎರಡೂ ಕೆಳಗೆ ಇರುವಂತೆ ಏರ್ಪಾಡು ಮಾಡಿಕೊಡಬೇಕೆಂದೂ, ಅದು ಆಗದಿದ್ದರೆ ತಮ್ಮ ಕಂಪನಿಯ ಪಟವನ್ನು ಚಹಾದಿಂದ ಮುಂದಕ್ಕೂ ಎಳೆದು, ನನ್ನಂಥ ಹಣೆ ಕಂಡಲ್ಲಿ ತಾವಾಗಿಯೇ ಎದ್ದು ಒಂಟಿ ಸೂಜಿಗೆ ಜಾಗ ಬಿಟ್ಟುಕೊಡಬೇಕೆಂದೂ ಪ್ರಾರ್ಥಿಸುತ್ತೇನೆ.

ಎರಡೂ ಹುಬ್ಬೇರಿಸಿಕೊಂಡೇ ಇರುವ,
ತಮ್ಮ ವಿಶ್ವಾಸಿ,
ಇಬಿರೋಂಕೆ ಒಯೆಡೆಲೆ

ಮರೆತ ಮಾತು: ತಮ್ಮ ಪೊಟ್ಟಣದ ಮೇಲೆ ‘ಒಮ್ಮೆ ಬಳಸಿ ಎಸೆಯಿರಿ’ ಎಂದು ಅಚ್ಚು ಹಾಕಿದೆಯೆಂದೂ, ನನ್ನ ಹುಬ್ಬು ಮುಗಿದ ಸಂಜೆಯೇ ತಾವು ಬಳಸಿದ ಸೂಜಿಗಳನ್ನು ಎಸೆಯುವ ಹಳದಿ ಡಬ್ಬಿ ಸೇರಿದಿರೆಂದೂ ಟೆನಿ ತಿಳಿಸಿದಳು. ತುಂಬಾ ಸಂತಾಪವಾಯಿತು. ನನ್ನ ಮುಖದ ಮೇಲೆ ಅಂಥ ಅಚ್ಚು ಇರಲಿಲ್ಲವೆಂಬುದನ್ನು ತಾವು ಕೊರೆಯಲು ಕೂರುವ ಮುಂಚೆ ಓದಿ ನೋಡಬಹುದಿತ್ತು.