ಚಾರ್ಜ್ ಕೊಡದೆ ಹೋದ ರೇವಪ್ಪ

ದೆವ್ವಗಳ ಬಗ್ಗೆ ನನಗಿರುವ ದೊಡ್ಡ ತಕರಾರೆಂದರೆ ಅವಕ್ಕೆ ವೇಳಾಪಟ್ಟಿ ಇಲ್ಲದಿರುವುದು. ಇಂಥ ದಿನ, ಇಷ್ಟು ಗಂಟೆಗೆ ಬರುತ್ತೇನೆಂದು ಹೇಳಿ ಬಂದ ದೆವ್ವದ ಸುದ್ದಿಯನ್ನು ನಾನು ಕೇಳಿಲ್ಲ. ಮೂವತ್ತಾರು ವರ್ಷ ರೈಲ್ವೆಯಲ್ಲಿ ದುಡಿದು, ಕೊನೆಗೆ ಸ್ಟೇಷನ್ ಮಾಸ್ತರನಾಗಿ ನಿವೃತ್ತನಾದವನು ನಾನು. ಹೇಳದೆ ಕೇಳದೆ ಬರುವ ಯಾವುದನ್ನೂ ನಂಬುವ ಅಭ್ಯಾಸ ನನಗಿಲ್ಲ. ಬೆಳಿಗ್ಗೆ ಐದಕ್ಕೆ ಏಳುವುದು, ಐದೂ ಕಾಲಿಗೆ ಸ್ನಾನ, ಐದೂ ನಲವತ್ತಕ್ಕೆ ಚಹಾ. ನಿವೃತ್ತನಾಗಿ ಹದಿಮೂರು ವರ್ಷವಾದರೂ ನನ್ನ ಮನೆಯವಳು ನಾನು ಚಹಾ ಕುಡಿಯುವುದನ್ನು ನೋಡಿಯೇ ಗೋಡೆ ಗಡಿಯಾರ ಸರಿಮಾಡುತ್ತಾಳೆ. ಇಂಥ ನನಗೂ ಈ ವರ್ಷ ಒಂದು ದೆವ್ವದ ಸಹವಾಸ ಒದಗಿತು. ಅದು ದಿನವೂ ಬೆಳಿಗ್ಗೆ ಐದು ಮೂವತ್ತೊಂದಕ್ಕೆ ಬರುತ್ತಿತ್ತು. ಒಂದು ನಿಮಿಷ ಆಚೆಯಿಲ್ಲ, ಈಚೆಯಿಲ್ಲ. ಅದಕ್ಕೇ ನಂಬಬೇಕಾಯಿತು.

ನಾವು ಹನ್ನೊಂದು ಮಂದಿ ರೈಲ್ವೆ ಪಿಂಚಣಿದಾರರು. ಸೋಲಾಪುರ, ಹೋಟಗಿ, ಕಂದಲಗಾಂವ, ಅಕ್ಕಲಕೋಟ, ಕರಜಗಿ, ಹೀಗೆ ಒಂದೇ ಹಾದಿಯ ಸ್ಟೇಷನ್ನುಗಳಂತೆ ಹರಡಿಕೊಂಡಿದ್ದೇವೆ. ನಮ್ಮಲ್ಲೊಬ್ಬರು ಒಂದು ಬೆಳಿಗ್ಗೆ ಬಚ್ಚಲಲ್ಲಿ ಜಾರಿ ಬಿದ್ದರು. ಮನೆತುಂಬ ಜನ, ಆದರೆ ಅಜ್ಜ ಇನ್ನೂ ಮಲಗಿದ್ದಾರೆ ಎಂದು ಎಲ್ಲರೂ ಸದ್ದು ಮಾಡದೆ ಓಡಾಡಿದರು. ಮೂರು ತಾಸಿನ ಮೇಲೆ ಬಾಗಿಲು ತೆರೆದರು. ಅವರು ಉಳಿದರು, ಅವರ ಮಾತು ಉಳಿಯಲಿಲ್ಲ. ಆವತ್ತೇ ನಾನು ಒಂದು ವ್ಯವಸ್ಥೆ ಮಾಡಲು ನಿರ್ಧರಿಸಿದೆ. ರೈಲ್ವೆಯಲ್ಲಿ ಗಾಡಿ ಬಿಡುವ ಮೊದಲು ಮುಂದಿನ ಸ್ಟೇಷನ್ನಿಗೆ ಕೇಳುತ್ತೇವೆ: ಹಾದಿ ಖಾಲಿ ಇದೆಯೇ? 'ಲೈನ್ ಕ್ಲಿಯರ್' ಎಂಬ ಉತ್ತರ ಬಾರದೆ ಗಾಡಿ ಅಲುಗುವುದಿಲ್ಲ. ಹಾಗೆಯೇ ನಮ್ಮ ಹನ್ನೊಂದೂ ಮಂದಿ ಬೆಳಿಗ್ಗೆ ಆರರೊಳಗೆ ಫೋನಿನಲ್ಲಿ ಒಂದು ಹಸಿರು ಗುಂಡಿ ಒತ್ತಬೇಕು. ಆರೂ ಹತ್ತಾದರೂ ಒತ್ತದವನ ಹೆಸರು ಕೆಂಪಾಗಿ, ಆ ತಿಂಗಳು ಡ್ಯೂಟಿಯಲ್ಲಿರುವವನ ಫೋನು ಸೀಟಿ ಹೊಡೆಯಬೇಕು. ಅವನು ಕರೆ ಮಾಡಬೇಕು. ಎತ್ತದಿದ್ದರೆ ಹೆಸರಿನ ಕೆಳಗಿರುವ ನೆರೆಮನೆಯ ಗುಂಡಿ ಒತ್ತಿ ಅವರನ್ನು ಎಬ್ಬಿಸಬೇಕು. ಆಮೇಲೆ 'ನೋಡಿದೆ' ಎಂದು ಗುರುತು ಹಾಕಬೇಕು.

ಇದನ್ನು ಕಟ್ಟಿಕೊಟ್ಟವಳು ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುವ ನನ್ನ ಸೊಸೆ ಸುಜಾತಾ. ಮರಾಠಿ ಶಾಲೆಯಲ್ಲಿ ಓದಿದ ಅವಳಿಗೆ ಕನ್ನಡ ಮಾತು ಬರುತ್ತದೆ, ಅಕ್ಷರ ಅಷ್ಟಕ್ಕಷ್ಟೆ. ಗುಂಡಿಗಳ ಮೇಲಿನ ಹೆಸರನ್ನು ನಾನೇ ಟೈಪ್ ಮಾಡಿಕೊಟ್ಟೆ. ಕಂಪ್ಯೂಟರನ್ನು ನನ್ನ ಮೇಜಿನ ಕೆಳಗೇ ಇಡೋಣ, ಕಣ್ಣೆದುರಿಗಿರುತ್ತದೆ ಎಂದೆ. ಅವಳು ನಕ್ಕಳು. "ಮಾಮಾ, ಇಲ್ಲಿ ಕರೆಂಟ್ ಹೋತಂದ್ರ ಹನ್ನೊಂದೂ ಮಂದಿ ಒಮ್ಮೆಲೆ ಹೋದಂಗ ಕಾಣ್ತಾರ ನೋಡ್ರಿ. ಕ್ಲೌಡ್‌ನ್ಯಾಗ ಇಡೂಣು." ಕ್ಲೌಡ್ ಎಂದರೆ ಬೇರೆಯವರ ದೊಡ್ಡ ಕಂಪ್ಯೂಟರ್ ಮನೆಯಲ್ಲಿ ನಮ್ಮದೊಂದು ಬಾಡಿಗೆ ಕೋಣೆ ಎಂದು ತಿಳಿಸಿದಳು. ಅಲ್ಲಿ ಒಂದು ಯಂತ್ರ ಕೆಟ್ಟರೆ ಇನ್ನೊಂದು ತಾನಾಗಿ ಎದ್ದು ನಿಲ್ಲುತ್ತದೆ. ಹನ್ನೊಂದು ಮಂದಿ ಹನ್ನೊಂದು ಸಾವಿರವಾದರೂ ಕೋಣೆ ಹಿಗ್ಗುತ್ತದೆ. ಕರೆಂಟು, ಧೂಳು, ಇಲಿ, ಬೇಸಿಗೆ ಯಾವುದರ ಚಿಂತೆಯೂ ನಮಗಿಲ್ಲ. "ಅದು ಎಲ್ಲಿ ಐತಿ?" ಎಂದೆ. "ಎಲ್ಲೋ ಐತ್ರಿ," ಎಂದಳು. ನನ್ನ ಜೀವಮಾನದಲ್ಲಿ ಯಾವ ಸ್ಟೇಷನ್ನಿನ ಬಗ್ಗೆಯೂ ನಾನು ಇಂಥ ಉತ್ತರ ಒಪ್ಪಿಕೊಂಡಿರಲಿಲ್ಲ.

ಆ 'ಎಲ್ಲೋ' ಎಂಬುದರ ತೊಂದರೆ ಮೊದಲ ದಿನವೇ ಗೊತ್ತಾಯಿತು. ಅಲ್ಲಿಯ ಗಡಿಯಾರ ನಮ್ಮದಕ್ಕಿಂತ ಐದೂವರೆ ತಾಸು ಹಿಂದೆ. ಹನ್ನೊಂದೂ ನಲವತ್ತಕ್ಕೆ, ಎಲ್ಲರೂ ರೊಟ್ಟಿ ಮುರಿಯುವ ಹೊತ್ತಿಗೆ, ಸೀಟಿ ಹೊಡೆಯಿತು. ಸುಜಾತಾ ಅದನ್ನು ಸರಿಮಾಡಿದಳು. ಇನ್ನೊಂದು ತೊಂದರೆ ಉಳಿಯಿತು. ಬಾಡಿಗೆ ಕೋಣೆ ಎಂದರೂ ನಮ್ಮದು ಪುಕ್ಕಟೆಯದು. ಸ್ವಲ್ಪ ಹೊತ್ತು ಯಾರೂ ಬಾರದಿದ್ದರೆ ಅದು ಮಲಗಿಬಿಡುತ್ತದೆ. ಬೆಳಿಗ್ಗೆ ಮೊದಲು ಹೋದವನು ಬಾಗಿಲು ತಟ್ಟಿ, ತಿರುಗುವ ಚಕ್ರವನ್ನು ನೋಡುತ್ತ ಅದು ಏಳುವವರೆಗೆ ಕಾಯಬೇಕು. "ಅದನ್ನ ನಾ ಎಬ್ಬಸ್ತೀನ್ರಿ ಸಾಹೇಬ್ರ, ನೀವು ಆಮ್ಯಾಲ ಬರ್ರಿ," ಎಂದು ಆ ಕೆಲಸವನ್ನು ವಹಿಸಿಕೊಂಡವನು ಅಕ್ಕಲಕೋಟದ ರೇವಪ್ಪ. ಹೋಟಗಿಯಲ್ಲಿ ನನ್ನ ಕೈಕೆಳಗೆ ಸಿಗ್ನಲ್ ಕ್ಯಾಬಿನ್ನಿನ ಲಿವರ್ ಎಳೆಯುತ್ತಿದ್ದವನು. ದಿನವೂ ಐದೂವರೆಗೆ ಬಾಗಿಲು ತಟ್ಟುತ್ತಿದ್ದ. ಒಂದು ನಿಮಿಷದಲ್ಲಿ ಅದು ಎದ್ದು, ಐದು ಮೂವತ್ತೊಂದಕ್ಕೆ ಅವನ ಹೆಸರು ಹಸಿರಾಗುತ್ತಿತ್ತು. ಯಾರಿಗಾದರೂ ಫೋನ್ ಮಾಡಿದರೆ 'ಹಲೋ' ಎಂಬ ದನಿ ಕೇಳಿದ್ದೇ ತಡ, ಒಂದು ಮಾತೂ ಆಡದೆ ಇಟ್ಟುಬಿಡುತ್ತಿದ್ದ. ಮನುಷ್ಯ ಇದ್ದಾನೋ ಇಲ್ಲವೋ ಎಂಬುದಷ್ಟೇ ಪ್ರಶ್ನೆ; ಉಳಿದದ್ದು ಹರಟೆ ಎಂಬುದು ಅವನ ಮತ.

ಇನ್ನು ನನ್ನ ಸ್ವಂತ ಕೊಡುಗೆ. ರೈಲ್ವೆಯಲ್ಲಿ ಬದಲಿ ಬಂದು ಚಾರ್ಜ್ ತೆಗೆದುಕೊಳ್ಳುವವರೆಗೆ ಕುರ್ಚಿ ಬಿಡುವಂತಿಲ್ಲ. ಹೋಗುವವನು 'ಕೊಟ್ಟೆ' ಎನ್ನಬೇಕು, ಬರುವವನು 'ತಗೊಂಡೆ' ಎನ್ನಬೇಕು. ಇಲ್ಲೂ ಹಾಗೇ ಆಗಬೇಕೆಂದೆ. ಪ್ರತಿ ತಿಂಗಳ ಒಂದನೇ ತಾರೀಖು ಇಬ್ಬರೂ ಒತ್ತಿದರೇ ಡ್ಯೂಟಿ ಬದಲಾಗಬೇಕು. ಸುಜಾತಾ ಬೇಡವೆಂದಳು. "ಒಬ್ಬರು ಒತ್ತಲಿಲ್ಲ ಅಂದ್ರ ಮಾಮಾ? ಒಂದ್ ದಿವಸ ನೋಡಿ ತಾನಾಗೇ ಬದಲಾಗೂ ಹಂಗ ಇಡೂಣು. ಮಶೀನಿಗೆ ನಾವು ಹೇಳಿದ್ದಷ್ಟ ತಿಳೀತದ." ನಾನು ಹೇಳಿದೆ: "ನಮ್ಮ ಮಂದ್ಯಾಗ ಒತ್ತಲಾರದವರು ಯಾರೂ ಇಲ್ಲವಾ."

ರೇವಪ್ಪ ತನ್ನ ಡ್ಯೂಟಿಯ ತಿಂಗಳ ಕೊನೆಯ ವಾರದಲ್ಲಿ, ಊಟವಾದ ಮೇಲೆ ಗೋಡೆಗೊರಗಿ ಕುಳಿತವನು, ಹಾಗೆಯೇ ಹೋಗಿಬಿಟ್ಟ. ಎಲ್ಲರೂ ಮಣ್ಣಿಗೆ ಹೋಗಿ ಬಂದೆವು. ಅವನ ಹಸಿರು ಬಾವುಟವನ್ನೂ ಜೊತೆಗಿಟ್ಟರು. ಮುಂದಿನ ತಿಂಗಳು ನನ್ನದು. ಒಂದನೇ ತಾರೀಖು 'ಚಾರ್ಜ್ ತಗೊಂಡೆ' ಎಂದು ಒತ್ತಿದೆ. ಗುಂಡಿ ಹಳದಿಯಾಯಿತು. ಹಳದಿ ಎಂದರೆ ಎಚ್ಚರದಿಂದ ಮುಂದೆ ಹೋಗು ಎಂದರ್ಥ. ನಾನು ಮುಂದೆ ಹೋದೆ, ಎಚ್ಚರವನ್ನು ಅಲ್ಲೇ ಬಿಟ್ಟೆ. ಹನ್ನೆರಡು ದಿನ ನನ್ನ ಫೋನು ಒಮ್ಮೆಯೂ ಸೀಟಿ ಹೊಡೆಯಲಿಲ್ಲ. ನನ್ನ ಡ್ಯೂಟಿಯಲ್ಲಿ ಎಲ್ಲರೂ ಎಷ್ಟು ಶಿಸ್ತಾಗಿದ್ದಾರೆ ನೋಡು ಎಂದು ಮನೆಯವಳ ಮುಂದೆ ಕೊಚ್ಚಿಕೊಂಡೆ.

ಹನ್ನೆರಡನೆಯ ದಿನ, ಚಹಾದ ಬಟ್ಟಲು ತುಟಿಗೆ ಇಟ್ಟಾಗ, ಒಂದು ವಿಷಯ ಹೊಳೆದು ಬಟ್ಟಲನ್ನು ಕೆಳಗಿಟ್ಟೆ. ರೇವಪ್ಪ ಹೋದ ಮೇಲೆ ಚಕ್ರ ತಿರುಗಬೇಕಿತ್ತು. ಒಂದು ದಿನವೂ ತಿರುಗಿರಲಿಲ್ಲ. ನಾನು ಹೋಗುವ ಹೊತ್ತಿಗೆ ಅದು ಆಗಲೇ ಎದ್ದು ಕೂತಿರುತ್ತಿತ್ತು. ಯಾರು ಎಬ್ಬಿಸುತ್ತಿದ್ದಾರೆ?

ಪೂರ್ತಿ ಪಟ್ಟಿ ಕಾಣುವುದು ಡ್ಯೂಟಿಯವನಿಗೆ ಮತ್ತು ಇದನ್ನು ಶುರುಮಾಡಿದ ನನಗೆ ಮಾತ್ರ. ಕನ್ನಡಕ ಒರೆಸಿಕೊಂಡು ತೆರೆದೆ. ಎಲ್ಲಕ್ಕಿಂತ ಮೇಲೆ: 'ರೇವಪ್ಪ. ಲೈನ್ ಕ್ಲಿಯರ್. ಐದು ಮೂವತ್ತೊಂದು.' ನಿನ್ನೆಯೂ ಹಾಗೇ. ಮೊನ್ನೆಯೂ. ನಾವು ಮಣ್ಣು ಕೊಟ್ಟು ಬಂದ ಮರುದಿನವೂ. ಅವನ ಹೆಸರಿನ ಮುಂದೆ 'ಡ್ಯೂಟಿಯಲ್ಲಿ' ಎಂದಿತ್ತು; ನನ್ನದರ ಮುಂದೆ ಇನ್ನೂ ಆ ಹಳದಿಯೇ. ಕೆಳಗೆ ಸರಿಸಿದೆ. ಐದು ದಿನಗಳ ಹಿಂದೆ ಕರಜಗಿಯ ಗುರುನಾಥ, ನಮ್ಮ ಹಳೆಯ ಗಾರ್ಡು, ಆರೂ ಹತ್ತಕ್ಕೆ ಕೆಂಪಾಗಿದ್ದ. ಪಕ್ಕದಲ್ಲಿ: 'ನೋಡಿದೆ. ರೇವಪ್ಪ. ಆರೂ ಇಪ್ಪತ್ತೈದು.' ಹೊರಗೆ ಬಿಸಿಲು ಬಿದ್ದಿತ್ತು, ಹಾಲಿನವನು ಕೂಗುತ್ತಿದ್ದ, ಎಲ್ಲವೂ ದಿನದಂತೆಯೇ ಇತ್ತು. ಅದೇ ಹೆಚ್ಚು ಹೆದರಿಕೆ ಹುಟ್ಟಿಸಿತು.

ಗುರುನಾಥನಿಗೆ ಫೋನ್ ಮಾಡಿದೆ. ಮೊದಲು ಏನೂ ಇಲ್ಲವೆಂದ. ಗದರಿಸಿದ ಮೇಲೆ ದನಿ ತಗ್ಗಿಸಿ ಹೇಳಿದ: "ಆವತ್ತ ಫೋನ್ ಬಂದಿತ್ರಿ ಸಾಹೇಬ್ರ. ರೇವಪ್ಪನ ಹೆಸರು, ರೇವಪ್ಪನ ಮಾರಿ, ಫೋನಿನ್ಯಾಗ. ನಾ ಎತ್ತಲಿಲ್ಲ."

"ಯಾಕ ಎತ್ತಲಿಲ್ಲ?"

"ಸತ್ತಾವ ಕರದ್ರ ಯಾವನು ಓ ಅಂತಾನ್ರಿ?"

ಸುಜಾತಾಳನ್ನು ಕೂಡಿಸಿಕೊಂಡು ಕೇಳಿದೆ, ನಿನ್ನ ಕ್ಲೌಡ್ ತಾನಾಗಿ ಒತ್ತುತ್ತದೆಯೇ ಎಂದು. ಅವಳು ತನ್ನ ಕಂಪ್ಯೂಟರಿನಲ್ಲಿ ಸಾಲು ಸಾಲಾಗಿ ಏನೇನೋ ನೋಡಿದಳು. "ಇಲ್ರಿ ಮಾಮಾ, ತಾನಾಗೇ ಒತ್ತಂಗಿಲ್ಲ. ಖರೆ ಖರೆ ಒತ್ಯಾರ, ರೇವಪ್ಪ ಕಾಕಾನ ಫೋನಿಂದನ. ಯಾವ ಗುಂಡಿ, ಎಷ್ಟಕ್ಕ ಅಂತ ಅದಕ್ಕ ಗೊತ್ತು. ಯಾರ ಬೆರಳು ಅಂತ ಗೊತ್ತಾಗಂಗಿಲ್ಲ." ಕಂಪ್ಯೂಟರ್ ಮುಚ್ಚುತ್ತ ಮೆಲ್ಲಗೆ ಸೇರಿಸಿದಳು: "ಅವರು ತೀರ್ಕೊಂಡಾರ ಅಂತ ಅದಕ್ಕ ಯಾರೂ ಹೇಳಿಲ್ಲಲ್ರಿ." ಪಟ್ಟಿಯಿಂದ ಹೆಸರು ತೆಗೆಯುವುದು ನನ್ನ ಕೆಲಸವಾಗಿತ್ತು. ಕೈ ಬಂದಿರಲಿಲ್ಲ.

ಮರುದಿನ ಬೆಳಿಗ್ಗೆ ನಾನು ಬೇಕೆಂದೇ ಗುಂಡಿ ಒತ್ತಲಿಲ್ಲ. ಫೋನನ್ನು ಮೇಜಿನ ನಡುವೆ ಇಟ್ಟು, ಕೈಕಟ್ಟಿ ಕುಳಿತೆ. ಆರಾಯಿತು. ಆರೂ ಹತ್ತಾಯಿತು. ಆರೂ ಹನ್ನೆರಡಕ್ಕೆ ಫೋನು ನಡುಗಿತು. ಪರದೆಯ ಮೇಲೆ ರೇವಪ್ಪನ ಮುಖ, ನಗದ ಮುಖ, ಪಿಂಚಣಿ ಪುಸ್ತಕಕ್ಕೆ ತೆಗೆಸಿದ್ದು. ಎತ್ತಿದೆ. "ಹಲೋ" ಎಂದೆ. ಆ ಕಡೆ ಒಂದು ಉಸಿರು. ಅದರ ಹಿಂದೆ ಗೋಡೆ ಗಡಿಯಾರದ ಟಕ್ ಟಕ್. ಆಮೇಲೆ ಕರೆ ಕಡಿಯಿತು, ಅವನು ಕಡಿಯುತ್ತಿದ್ದ ಹಾಗೆಯೇ. ನಾಚಿಕೆಯ ಮಾತೆಂದರೆ, ಆ ಭಯದಲ್ಲೂ ಒಂದು ಸಮಾಧಾನವಿತ್ತು: ನಾನು ಒತ್ತಲಿಲ್ಲವೆಂದು ಯಾರೋ ನೋಡಿದರಲ್ಲ!

ಎಂಟು ಗಂಟೆಯ ಬಸ್ಸಿಗೆ ಅಕ್ಕಲಕೋಟಕ್ಕೆ ಹೊರಟೆ. ರೇವಪ್ಪನ ಓಣಿ ಬಿಸಿಲಲ್ಲಿ ಬೆಳ್ಳಗೆ, ಒಂದು ನಾಯಿಯೂ ಇಲ್ಲದೆ ಬಿದ್ದಿತ್ತು. ಬಾಗಿಲು ತೆರೆದೇ ಇತ್ತು. ಪಡಸಾಲೆಯಲ್ಲಿ ಗಡಿಯಾರ ಟಕ್ ಟಕ್ ಎನ್ನುತ್ತಿತ್ತು. ಬಾಗಿಲಿಗೆ ಮುಖಮಾಡಿ ರೇವಪ್ಪನ ಕುರ್ಚಿ. ಕುರ್ಚಿಯ ಮೇಲೆ, ಅವನು ಕೂರುವಲ್ಲಿ, ಅವನ ಫೋನು ಚಾರ್ಜಿಗೆ ಹಾಕಿತ್ತು. ಪಕ್ಕದಲ್ಲಿ ನೆಲದ ಮೇಲೆ ಅವನ ಹೆಂಡತಿ ಕಾಶೀಬಾಯಿ ಕುಳಿತಿದ್ದರು. ನನ್ನನ್ನು ನೋಡಿ ಸೆರಗು ಸರಿಮಾಡಿಕೊಂಡು ಎದ್ದರು.

"ಬರ್ರಿ ಸಾಹೇಬ್ರ," ಎಂದರು. "ಬದಲಿ ಬಂತೇನ್ರಿ?"

ರೂಢಿಯಂತೆ ಅತ್ತಿಗೆ ಎಂದೇ ಕರೆದೆ: "ವೈನಿ... ನೀವು..."

"ಮತ್ತ್ಯಾರು ಮಾಡಬೇಕ್ರಿ? ಸಾಹೇಬ್ರು ಬಂದು ಚಾರ್ಜ್ ತಗೊಳ್ಳೂತನಕ ಕುರ್ಚಿ ಖಾಲಿ ಬಿಡಬಾರದು ಅಂತ ನಲವತ್ತ ವರ್ಷ ಕೇಳೀನಿ. ನನಗ ಅಕ್ಷರ ಬರಂಗಿಲ್ಲ. ಹಸಿರು ಕೆಂಪು ತಿಳೀತದ. ಯಾವ ಗುಂಡಿ ಯಾವಾಗ ಅಂತ ಅವರ ಬಾಜೂ ಕುಂತು ನೋಡೀನಿ. ದಿನಾ ನೋಡಾಕತ್ತೀನಿ, ಇವತ್ತ ಬರ್ತೀರಿ, ನಾಳೆ ಬರ್ತೀರಿ ಅಂತ."

"ಫೋನಿನ್ಯಾಗ ಒಂದ ಮಾತರ ಆಡಬಾರದೇನ್ರಿ? ನನ್ನ ಜೀವಾನ ಹೋಗಿತ್ತು."

"ದನಿ ಕೇಳಿತಂದ್ರ ಮುಗೀತು, ಅವರೂ ಹಂಗ ಮಾಡ್ತಿದ್ರಲ್ರಿ. ನೀವು 'ಹಲೋ' ಅಂದ್ರಿ, ಇದ್ದೀರಿ ಅಂತ ಗೊತ್ತಾತು. ಕರಜಗಿ ಗುರುನಾಥಣ್ಣ ಒಂದ ಮಾತೂ ಅನಲಿಲ್ಲ. ಬಾಜೂ ಮನಿಗೆ ಹಚ್ಚಿದೆ. ಹೋಗಿ ನೋಡ್ತಾರ, ಬಚ್ಚಲದಾಗ ಟೊಂಕಾ ಹಿಡಕೊಂಡು ಬಿದ್ದಾನ! ಫೋನ್ ಕೈಯಾಗ ಐತಿ. ಯಾಕ ಎತ್ತಲಿಲ್ಲೋ ಅಂದ್ರ, ರೇವಪ್ಪ ಕರಿಯಾಕ ಬಂದಾನ, ಹೋಗೂದ ಬಂತು ಅಂತ ಕಣ್ಣ ಮುಚ್ಕೊಂಡಿದ್ನಂತ. ಫೋನ್ ಹಚ್ಚಿದಾಕಿ ನಾ ಅಂತ ಅವಗ ಇನ್ನೂ ತಿಳಿದಿಲ್ಲ." ಅವರು ನಕ್ಕರು, ನಗುತ್ತಲೇ ಕಣ್ಣೊರೆಸಿಕೊಂಡರು.

ಗುರುನಾಥ ಬಚ್ಚಲ ನೆಲದ ಮೇಲೆ ಬಿದ್ದಿದ್ದ ಹೊತ್ತಿಗೆ ನಾನು ಎರಡನೆಯ ಚಹಾ ಕುಡಿಯುತ್ತಿದ್ದೆ, ಡ್ಯೂಟಿಯಲ್ಲಿದ್ದೇನೆಂದು ನಂಬಿಕೊಂಡು. ತಡೆದು ಕೇಳಿದೆ: "ರೇವಪ್ಪನ ಹೆಸರಿಂದು ಯಾಕ ಒತ್ತತೀರಿ ವೈನಿ?"

"ಒತ್ತಲಿಲ್ಲಂದ್ರ ಕೆಂಪ ಆಗ್ತದ್ರಿ," ಎಂದರು. "ಅದನ್ನ ನಾ ನೋಡಲಾರೆ."

ಚಾರ್ಜ್ ಕೊಡುವುದು ಸುಮ್ಮನೆ ಆಗಲಿಲ್ಲ. ಕಾಶೀಬಾಯಿ ನನ್ನನ್ನು ನಿಲ್ಲಿಸಿಯೇ ಒಬ್ಬೊಬ್ಬರ ಲೆಕ್ಕ ಒಪ್ಪಿಸಿದರು: ಕಂದಲಗಾಂವದವರು ಯಾವಾಗಲೂ ತಡ, ಗಾಬರಿಯಾಗಬಾರದು, ಹೋಟಗಿಯವರಿಗೆ ಎಡಗಿವಿ ಕೇಳದು, ಎರಡು ಸಲ ಹಚ್ಚಬೇಕು, ಗುರುನಾಥನ ಬಚ್ಚಲಿಗೆ ಹಿಡಿಕೆ ಹಾಕಿಸಲು ಹೇಳಬೇಕು. ಇಷ್ಟು ಒಳ್ಳೆಯ ಚಾರ್ಜನ್ನು ನನ್ನ ಸರ್ವಿಸಿನಲ್ಲಿ ಯಾರೂ ನನಗೆ ಕೊಟ್ಟಿರಲಿಲ್ಲ. ಕೊನೆಗೆ ಅವರು 'ಕೊಟ್ಟೆ' ಒತ್ತಿದರು. ನನ್ನ ಹಳದಿ ಹಸಿರಾಯಿತು. ಅವರು ಕುರ್ಚಿಯ ಮೇಲಿನ ಫೋನನ್ನು ಎತ್ತಿಕೊಂಡರು. ಕುರ್ಚಿ ಖಾಲಿಯಾಯಿತು. ಇಬ್ಬರೂ ಆ ಕಡೆ ನೋಡಲಿಲ್ಲ.

ಸಂಜೆ ಸುಜಾತಾ ಹೊಸ ನಿಯಮ ಬರೆದಳು. ನಾನು ಬಾಯಿ ಮುಚ್ಚಿಕೊಂಡು ಕುಳಿತಿದ್ದೆ. ಒಂದು ದಿನದಲ್ಲಿ ಚಾರ್ಜ್ ಕೈಬದಲಾಗದಿದ್ದರೆ ಎಲ್ಲರ ಫೋನೂ ಕೂಗುತ್ತದೆ. ಸೀಟಿ ಒಬ್ಬರಿಗಲ್ಲ, ಇಬ್ಬರಿಗೆ ಹೋಗುತ್ತದೆ. ರೇವಪ್ಪನ ಹೆಸರಿದ್ದಲ್ಲಿ ಕಾಶೀಬಾಯಿಯ ಹೆಸರು, ಎರಡನೆಯ ಸೀಟಿಯೂ ಅವರದೇ. ಆ ಕ್ಲೌಡಿನ ಮೇಲೆ ಮೊದಲ ದಿನದಿಂದ ನಾನು ಬರೆದಿಟ್ಟಿದ್ದ ದೂರುಗಳ ಪಟ್ಟಿಯನ್ನು ಹರಿದು ಹಾಕಿದೆ. ಅದು ಹೇಳಿದಷ್ಟು ಮಾಡಿತ್ತು. ಹೇಳಿದವನು ನಾನು.

ಮರುದಿನ ಬೆಳಿಗ್ಗೆ ನಿಜವಾದ ಡ್ಯೂಟಿ. ಐದೂವರೆಯಿಂದಲೇ ಪಟ್ಟಿಯ ಮುಂದೆ ಕುಳಿತೆ. ಐದು ಮೂವತ್ತೊಂದಕ್ಕೆ ಕಾಶೀಬಾಯಿ ಹಸಿರು. ಒಬ್ಬೊಬ್ಬರೇ ಹಸಿರಾದರು. ಕಂದಲಗಾಂವದವರೂ ಐದೂ ಐವತ್ತೊಂಬತ್ತಕ್ಕೆ ಬಂದರು. ನಾನು ಹಿಗ್ಗಿನಿಂದ ಕನ್ನಡಕ ತೆಗೆದು ಒರೆಸುತ್ತಿದ್ದಾಗ ಆರೂ ಹತ್ತಕ್ಕೆ ಸೀಟಿ ಹೊಡೆಯಿತು. ಕನ್ನಡಕವಿಲ್ಲದ ಕಣ್ಣಿಗೆ ಯಾರದೆಂದು ಕಾಣಲಿಲ್ಲ, ಕೆಂಪಷ್ಟೇ ಕಂಡಿತು. ಕನ್ನಡಕ ಏರಿಸಿಕೊಳ್ಳುವಷ್ಟರಲ್ಲಿ ಫೋನು ನಡುಗಿತು. ಎತ್ತಿದೆ.

"ಎಲ್ಲಾರದೂ ಹಸಿರೈತ್ರಿ ಸಾಹೇಬ್ರ," ಎಂದಿತು ಕಾಶೀಬಾಯಿಯ ದನಿ. "ನಿಮ್ಮದೊಂದ ಕೆಂಪು. ಬಾಜೂ ಮನಿಗೆ ಹಚ್ಚಲೇನ್ರಿ?"

"ಇದ್ದೀನ್ರಿ ವೈನಿ, ಇದ್ದೀನಿ," ಎಂದೆ. ಇನ್ನೂ ಏನೋ ಹೇಳಬೇಕೆಂದಿದ್ದೆ. ಅಷ್ಟರಲ್ಲಿ ಅವರು ಇಟ್ಟುಬಿಟ್ಟಿದ್ದರು.